ಹೊಳೆ ಹುಡುಕಿಕೊಂಡು ಹೆಗ್ಗದ್ದೆಗೆ

ಚಿಕ್ಕಬಳ್ಳಾಪುರದವರಿಗೆ ಎತ್ತಿನಹೊಳೆ ಅಂದರೆ ಭಾಷಣದಲ್ಲಿ ಹರಿಯುವ ಹೊಳೆ. 2014ರ ಮಾರ್ಚಿನಲ್ಲಿ ಅದರ ನೀರನ್ನು ನಮ್ಮ ಕಡೆ ತಿರುಗಿಸುವ ಯೋಜನೆಯ ಶಂಕುಸ್ಥಾಪನೆ ಆದದ್ದು ನಮ್ಮ ಮುದ್ದೇನಹಳ್ಳಿಯ ಬಳಿ. ಅಂದಿನಿಂದ ಎಲ್ಲ ಚುನಾವಣೆಯಲ್ಲೂ ಆ ಹೆಸರು ಕೇಳಿದ್ದೇವೆ. ಹೊಳೆ ಕಂಡವರು ಮಾತ್ರ ನಮ್ಮ ಕೇರಿಯಲ್ಲಿ ಯಾರೂ ಇಲ್ಲ. ಹಾಗಾಗಿ ಗೆಳೆಯನ ಹಳೇ ಜೀಪಿನಲ್ಲಿ ಸಕಲೇಶಪುರಕ್ಕೆ ಬಂದು ತಂಗಿ, ಬೆಳಕು ಹರಿಯುವ ಹೊತ್ತಿಗೆ ಹೇಮಾವತಿ ಸೇತುವೆ ದಾಟಿದೆವು.

ಆನೆಮಹಲಿನ ಪಕ್ಕ ಮಂಜರಾಬಾದ್ ಕೋಟೆ. ಟಿಪ್ಪು 1792ರಲ್ಲಿ ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರ. ಆ ನಕ್ಷತ್ರ ಡ್ರೋನಿನ ಕಣ್ಣಿಗಷ್ಟೇ ಪೂರ್ತಿ ಕಾಣುತ್ತದೆ. ಮೇಲೆ ಹತ್ತಿದರೆ ಘಟ್ಟದ ದಾರಿಯನ್ನು ಕಾಯಲು ಇದೇ ಗುಡ್ಡ ಯಾಕೆ ಬೇಕಾಯಿತೆಂಬುದು ತಿಳಿಯುತ್ತದೆ. ಅಷ್ಟು ಸಾಕೆಂದು ಇಳಿದೆವು. ದೋಣಿಗಲ್ ದಾಟುವಾಗ ಕಾಫಿ ಹೂವಿನ ವಾಸನೆ ಜೀಪಿನೊಳಕ್ಕೇ ನುಗ್ಗಿತು. ಹೂಮಳೆ ಬೀಳದ ತೋಟಗಳಲ್ಲಿ ಕೆರೆಯ ನೀರೆತ್ತಿ ಜೆಟ್ ಹಾರಿಸುತ್ತಿದ್ದರು. ಇಷ್ಟು ಮಳೆಯ ಸೀಮೆಯಲ್ಲೂ ಮಾರ್ಚಿನಲ್ಲಿ ನೀರಿಗೆ ಮೋಟರು ಬೇಕು ಎಂಬುದನ್ನು ನಮ್ಮೂರಿನ ಯಾವ ಭಾಷಣಕಾರನೂ ಹೇಳಿರಲಿಲ್ಲ.

ಹೆಗ್ಗದ್ದೆಯಲ್ಲಿ ಟೀ ಅಂಗಡಿ ಮುಂದೆ ನಿಂತೆವು. ಮಂಗಳೂರು ಬಸ್ಸಿನಲ್ಲಿ ಕೂತವರು ತೂಕಡಿಕೆಯಲ್ಲೇ ದಾಟಿಬಿಡುವ ಊರು ಇದು. ಆದರೆ ರಾಜ್ಯದ ಅರ್ಧ ಸರಕು ಇದರ ಎದೆಯ ಮೇಲೇ ಹೋಗುತ್ತದೇನೋ ಅನ್ನಿಸುವಷ್ಟು ಟ್ಯಾಂಕರು, ಕಂಟೈನರು. ಶಿರಾಡಿ ಘಾಟಿಯ ಕಾಂಕ್ರೀಟು ಶುರುವಾದದ್ದೂ ಇಲ್ಲಿಂದಲೇ: 2015ರಲ್ಲಿ ಹೆಗ್ಗದ್ದೆಯಿಂದ ಕೆಂಪುಹೊಳೆವರೆಗೆ, 2018ರಲ್ಲಿ ಅಲ್ಲಿಂದ ಅಡ್ಡಹೊಳೆವರೆಗೆ. ಎರಡು ಸಲವೂ ತಿಂಗಳುಗಟ್ಟಲೆ ರಸ್ತೆ ಬಂದ್. 2024ರ ಜುಲೈನಲ್ಲಿ ದೊಡ್ಡತಪ್ಪಲೆಯ ಗುಡ್ಡ ಜಾರಿ ಸಂಚಾರ ಮತ್ತೆ ನಿಂತಿತು. ಅದೇ ತಿಂಗಳು ಕಡಗರವಳ್ಳಿ-ಎಡಕುಮೇರಿ ನಡುವೆ ರೈಲುಹಳಿಯ ಕೆಳಗಿನ ಮಣ್ಣೂ ಕುಸಿಯಿತು. ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿದು ನಿಲ್ಲಿಸಿದರೆ ಅದು ಆಷಾಢದವರೆಗೆ ಕಾಯುತ್ತದೆ, ಅಷ್ಟೆ.

"ಬಂದ್ ಆದಾಗ ವ್ಯಾಪಾರ ಇರಲ್ಲ ಅಲ್ವಾ ಅಕ್ಕ?" ಅಂದೆ ಟೀ ಅಂಗಡಿಯಾಕೆಗೆ.

"ಇರಲ್ಲ ಅಣ್ಣ. ಆದ್ರೆ ಆಗ ಮಕ್ಳನ್ನ ಒಬ್ಬರನ್ನೇ ರಸ್ತೆ ದಾಟಿಸ್ಬೋದು."

ಹೊಳೆ ಎಲ್ಲಿ ಎಂದು ಕೇಳಿದ್ದಕ್ಕೆ ಆಕೆ ಕೈ ತೋರಿಸಿದ ಕಡೆ ಇಳಿದರೆ ಬಂಡೆಗಳ ನಡುವೆ ಮೊಣಕಾಲಿನಷ್ಟು ನೀರು. ಇದೇನಾ? ಗೆಳೆಯ ಪ್ಯಾಂಟು ಮಡಚಿ ದಾಟಿಯೇಬಿಟ್ಟ. ಹೊಳೆಯ ತಪ್ಪೇನಿಲ್ಲ, ಅದು ಮಳೆಗಾಲದ ಹೊಳೆ. ತನ್ನಷ್ಟಕ್ಕೆ ಬಿಟ್ಟಿದ್ದರೆ ಗುಂಡ್ಯದ ಕಡೆ ಇಳಿದು, ಕುಮಾರಧಾರೆಗೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯಾಗಿ ಮಂಗಳೂರಿಗೆ ಹೋಗುತ್ತಿತ್ತು. ಈಗ ಇದನ್ನೂ ಸುತ್ತಲಿನ ಹಳ್ಳಗಳನ್ನೂ ಎಂಟು ಕಡೆ ಒಡ್ಡು ಹಾಕಿ ತಡೆದು, ಮಳೆಗಾಲದಲ್ಲಿ 24.01 ಟಿಎಂಸಿ ಅಡಿ ನೀರನ್ನು ಪಂಪಿನಿಂದ ಗುಡ್ಡ ಹತ್ತಿಸಿ ಪೂರ್ವಕ್ಕೆ ತಿರುಗಿಸುವ ಲೆಕ್ಕ. 8,323 ಕೋಟಿಯೆಂದು ಹೊರಟ ಯೋಜನೆ 23,251 ಕೋಟಿಗೆ ಏರಿದೆ. ಆ ನೀರಿನ ಮೇಲೆ ಕಣ್ಣಿಟ್ಟ ಜಿಲ್ಲೆಯವನು ನಾನು. ಮೊಣಕಾಲು ನೀರಲ್ಲಿ ನಿಂತು ಆ ಅಂಕಿಯನ್ನು ನೆನೆದಾಗ ಏನು ಹೇಳಬೇಕೋ ತೋಚಲಿಲ್ಲ.

ಜೀಪು ತಿರುಗಿಸಿ ಸಕಲೇಶಪುರಕ್ಕೇ ಬಂದು ಹೆತ್ತೂರು ರಸ್ತೆ ಹಿಡಿದೆವು. ಹೆದ್ದಾರಿಯ ಸದ್ದು ಇಳಿದ ಮೇಲೆ ಮೈಲುಗಟ್ಟಲೆ ಬರೀ ತೋಟ, ಸಿಲ್ವರ್ ಓಕಿಗೆ ಹಬ್ಬಿದ ಮೆಣಸಿನ ಬಳ್ಳಿ, ಪಾಳುಬಿದ್ದ ಗದ್ದೆ. ಗದ್ದೆ ಪಾಳು ಬೀಳಲು ಆಳು ಸಿಗದಿರುವುದು ಅರ್ಧ ಕಾರಣವಾದರೆ ಉಳಿದರ್ಧ ಆನೆ. 2014ರ ಆಸುಪಾಸಿನಲ್ಲಿ ಆಲೂರು-ಸಕಲೇಶಪುರ ಭಾಗದಿಂದ ಇಪ್ಪತ್ತೆರಡು ಆನೆಗಳನ್ನು ಹಿಡಿದು ಸಾಗಿಸಿದರು. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಎಂಟು ಸಲ ಮೈಸೂರು ದಸರೆಯಲ್ಲಿ ಅಂಬಾರಿ ಹೊತ್ತ ಅರ್ಜುನ ಸತ್ತದ್ದೂ ಈ ತಾಲ್ಲೂಕಿನಲ್ಲೇ. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯಲು ಹೋಗಿ, ಸಲಗದ ಜೊತೆ ಕಾದಾಡುತ್ತ.

ಬಿಸಿಲೆಗೆ ಮುಂಚೆ ಮಂಕನಹಳ್ಳಿಯಲ್ಲಿ ಬ್ರಿಟಿಷರ ಕಾಲದ ಒಂದು ಕಲ್ಲಿದೆ. ಅದರ ಒಂದು ಬದಿಗೆ ಬಂಗಾಳ ಕೊಲ್ಲಿ, ಇನ್ನೊಂದು ಬದಿಗೆ ಅರಬ್ಬೀ ಸಮುದ್ರ ಎಂದು ಬರೆದಿದೆ. ಈ ಏಣಿನ ಪೂರ್ವಕ್ಕೆ ಬಿದ್ದ ಮಳೆ ಹೇಮಾವತಿಯಾಗಿ ಕಾವೇರಿಗೆ, ಪಶ್ಚಿಮಕ್ಕೆ ಬಿದ್ದದ್ದು ಕುಮಾರಧಾರೆಗೆ. ಸೆಲ್ಫಿಯ ಸಾಲು ಕರಗುವವರೆಗೆ ಕಾದು ನಾವೂ ಎರಡೂ ಬದಿಗೆ ಕಾಲಿಟ್ಟು ನಿಂತೆವು. ಭಗೀರಥನಿಗಾದರೂ ಗಂಗೆಯನ್ನು ಇಳಿಸುವ ಕೆಲಸವಿತ್ತು, ನಮ್ಮ ಎಂಜಿನಿಯರುಗಳಿಗೆ ಹತ್ತಿಸುವ ಕೆಲಸ. ಬಿಸಿಲೆಯ ವ್ಯೂಪಾಯಿಂಟಿನಿಂದ ಕುಮಾರ ಪರ್ವತ, ಅದರ ಕಾಲಬುಡದವರೆಗೂ ಒಂದು ಛಾವಣಿಯೂ ಕಾಣದ ಕಾಡು. ಅಲ್ಲಿ ಮಾತಾಡುವುದಕ್ಕೇನೂ ಇರಲಿಲ್ಲ, ನೋಡುತ್ತ ಕೂತೆವು.

ವಾಪಸು ಬರುವಾಗ ವನಗೂರು ಕೂಡುರಸ್ತೆ ದಾಟಿ ಸ್ವಲ್ಪ ದೂರದಲ್ಲಿ ತೋಟದ ಆಳುಗಳ ಪಿಕಪ್ ನಿಂತಿತ್ತು. "ಮುಂದೆ ಹೋಗ್ಬ್ಯಾಡಿ, ಮರಿ ಜೊತೆ ಐದಾವೆ" ಎಂದು ಡ್ರೈವರು ಮೊಬೈಲು ತೋರಿಸಿದ. ವಾಟ್ಸಾಪಿನಲ್ಲಿ ಆನೆಗಳಿರುವ ತೋಟದ ಹೆಸರು ಬಂದಿತ್ತು. ಕತ್ತಲಾಗುವವರೆಗೆ ಹೆಂಗಸರು ಪಿಕಪ್‌ನಲ್ಲೇ ಕೂತು ಎಲೆಅಡಿಕೆ ಹಾಕಿದರು. ವಯಸ್ಸಾದ ಒಬ್ಬರು ಇಳಿದು ನಮ್ಮ ಜೀಪಿನ ಕೆಎ 40 ನಂಬರನ್ನು ನೋಡಿದರು.

"ಚಿಕ್ಕಬಳ್ಳಾಪುರದೋರಾ? ನಮ್ಮ ಹೊಳೆ ನೀರು ಬಂತಾ ನಿಮ್ಮೂರಿಗೆ?"

2024ರ ಸೆಪ್ಟೆಂಬರಿನಲ್ಲಿ ಪಂಪು ಚಾಲೂ ಮಾಡಿ ಬಿಟ್ಟ ನೀರು ವಾಣಿವಿಲಾಸ ಸಾಗರದ ಕಡೆ ಹರಿಯಿತು, ನಮ್ಮ ಕಡೆಗೆ ಇನ್ನೂ ಇಲ್ಲ ಅಂದೆ.

"ಇಲ್ಲಿಂದಂತೂ ಹೋಗೈತಪ್ಪ" ಎಂದು ಅವರು ಪಿಕಪ್ ಹತ್ತಿದರು.