ಹೊಳವಾದ ಹೊತ್ತಿನ ಡೇರೆ

ಆಶ್ಲೇಷಾ ಮಳೆ ಹಿಡಿದರೆ ಬಿಡುವ ಜಾತಿಯದಲ್ಲ. ಶಿರಸಿ–ಸಿದ್ದಾಪುರ ರಸ್ತೆಯಲ್ಲಿ ಬಸ್ಸಿಳಿದು ಕೆಮ್ಮಣ್ಣಿನ ಇಳಿಜಾರು ಹಿಡಿದಿದ್ದೀರಿ. ಕೊಡೆ ಬಿಚ್ಚಿದ್ದರೂ ಮೊಣಕಾಲ ಕೆಳಗೆಲ್ಲ ತೊಯ್ದು ತೊಪ್ಪೆ. ದಣಪೆ ಸರಿಸಿ ಒಳಗೆ ಕಾಲಿಡುತ್ತೀರಿ. ಹಾವಸೆಗೆ ಯಾರೂ ಜಾರದಿರಲೆಂದು ಅಂಗಳಕ್ಕೆ ಅಡಿಕೆ ಸೋಗೆ ಹಾಸಿದ್ದಾರೆ.

“ಸೋಗೆ ಮೇಲೇ ಬನ್ನಿ, ಆಚೆ ಜಾರ್ತದೆ,” ಎನ್ನುತ್ತ ಮನೆಯ ಅಕ್ಕ ಬಚ್ಚಲಿಂದ ಬಿಸಿನೀರಿನ ಚೊಂಬು ತರುತ್ತಾರೆ.

ಜಗಲಿಯ ಮೇಲೆ ಅವರ ಯಜಮಾನರು. ಬಾಯಲ್ಲಿ ಕವಳ, ಕಣ್ಣು ಕೆಳಗಿನ ತೋಟದ ಕಡೆ. ಅಡಿಕೆಗೆ ಕೊಳೆರೋಗದ ಎರಡನೇ ಮದ್ದು ಇನ್ನೂ ಹೊಡೆದಾಗಿಲ್ಲ. ಬೋರ್ಡೋ ದ್ರಾವಣಕ್ಕೆ ಬೇಕಾದ್ದೆಲ್ಲ ಮನೆಯಲ್ಲೇ ಇದೆ: 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಇಲ್ಲದಿರುವುದು ಒಣ ಹವೆ ಮತ್ತು ಮರ ಹತ್ತುವ ಕೊನೆಗೌಡ. ನಿನ್ನೆ ಬುಡದಲ್ಲಿ ಉದುರಿದ ಕಾಯಿಗಳ ಮೇಲೆ ಬಿಳಿ ಬೂಷ್ಟು ಕಂಡಿದೆ. ಕೊಳೆ ಶುರುವಾಯಿತೆಂದೇ ಅರ್ಥ. ಮೈಸೂರು ಸಂಸ್ಥಾನಕ್ಕೆ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಈ ರೋಗದ ಬಗ್ಗೆ 1910ರಲ್ಲೇ ಪುಸ್ತಕ ಬರೆದಿದ್ದರು. ನೂರು ವರ್ಷ ದಾಟಿದರೂ ಆಗಸ್ಟ್ ತಿಂಗಳಲ್ಲಿ ಅಡಿಕೆ ಬೆಳೆಗಾರನಿಗೆ ಸರಿಯಾಗಿ ನಿದ್ದೆ ಹತ್ತುವುದಿಲ್ಲ. ಮಾತಿಲ್ಲ. ಹಂಚಿನಿಂದ ನೀರು ಸುರಿಯುವ ಸದ್ದು ಒಂದೇ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ, ಫೋನಿನ ಸಿಗ್ನಲ್ ಬೆಳಗಿನಿಂದ ಸತ್ತಿದೆ. ಮಳೆಗಾಲದ ಮಂಕು ಹೇಗಿರುತ್ತದೆಂದು ಈ ಜಗಲಿಯಲ್ಲಿ ಅರ್ಧ ತಾಸು ಕೂತರೆ ಯಾರಿಗಾದರೂ ತಿಳಿಯುತ್ತದೆ.

ಹಂಚಿನ ಸದ್ದು ತೆಳ್ಳಗಾಗುತ್ತದೆ, ಮಳೆಗೆ ಬಿಡುವು.

“ಹೊಳವಾಯ್ತು!” ಅಕ್ಕ ಆಗಲೇ ಅಂಗಳದಲ್ಲಿದ್ದಾರೆ. ತಲೆಗೆ ಪ್ಲಾಸ್ಟಿಕ್ ಕೊಪ್ಪೆ, ಸೊಂಟಕ್ಕೆ ಕತ್ತಿ, ಕೈಯಲ್ಲಿ ಬಾಳೆನಾರು. “ಬರ್ತೀರೇನು? ಇನ್ನೊಂದು ಮಳೆ ಬರೋದ್ರೊಳಗೆ ಕಟ್ಟಿ ಮುಗಿಸ್ಬೇಕು.”

ನೀವೂ ಇಳಿಯುತ್ತೀರಿ. ಅಂಗಳದ ಅಂಚಿಗೆ ಮಣ್ಣು ಏರಿಸಿ ಮಾಡಿದ ಮಡಿಗಳಲ್ಲಿ ಡೇರೆ ಹೂಗಿಡಗಳ ಸಾಲು. ಅರಿಶಿನದ್ದು, ಕಡುಗೆಂಪು, ಬಿಳಿ ಅಂಚಿನ ನೇರಳೆ, ಊಟದ ತಟ್ಟೆಯಷ್ಟು ಅಗಲದ ಗುಲಾಬಿ ಬಣ್ಣದ್ದೊಂದು. ನೀರು ಕುಡಿದು ಭಾರವಾದ ಹೂಗಳು ತಲೆ ತಗ್ಗಿಸಿವೆ, ಎರಡು ಗಿಡ ನೆಲಕ್ಕೇ ಮಲಗಿವೆ. ನಿಮ್ಮ ಕೈಗೆ ಒಂದು ಅಡಿಕೆ ದಬ್ಬೆ ಬರುತ್ತದೆ. “ಬುಡಕ್ಕೆ ತೀರಾ ಹತ್ರ ಊರ್ಬೇಡಿ, ಗಡ್ಡೆಗೆ ತಾಗ್ತದೆ. ಒಂದು ಗೇಣು ಆಚೆ.”

ಮಂಡಿಯೂರಿ ಕೂರುತ್ತೀರಿ. ದಬ್ಬೆ ಮೆತ್ತಗೆ ಇಳಿಯುತ್ತದೆ. ಅಗೆದ ಕಡೆಯಿಂದ ಹಸಿ ಮಣ್ಣಿನ ವಾಸನೆ ಮೂಗಿಗೆ ಬಡಿಯುತ್ತದೆ. ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾಗಳು ಹೊರಬಿಡುವ ಜಿಯೋಸ್ಮಿನ್ ಎಂಬ ವಸ್ತುವಿನದು ಅದು. ಲಕ್ಷ ಕೋಟಿಯಲ್ಲಿ ಕೆಲವೇ ಕಣಗಳಿದ್ದರೂ ಮನುಷ್ಯನ ಮೂಗು ಹಿಡಿಯಬಲ್ಲದು. ಈಗ ದಂಟಿಗೆ ನಾರು ಸುತ್ತಬೇಕು. ಬಿಗಿದರೆ ದಂಟು ಕತ್ತರಿಸುತ್ತದೆ, ಸಡಿಲವಾದರೆ ಜಾರುತ್ತದೆ. ಒಳಗೆ ಟೊಳ್ಳಾದ ದಂಟು, ಸ್ವಲ್ಪ ಬಾಗಿಸಿದರೂ ಲಟಕ್ಕೆನ್ನುತ್ತದೆ. ಹೀಗಾಗಿ ಬೇರೇನನ್ನೂ ಯೋಚಿಸಲಾಗುವುದಿಲ್ಲ. ಎಲೆಯಡಿ ಅಂಟಿಕೊಂಡ ಬಸವನಹುಳು ಕಾಣುತ್ತದೆ. ಕಿತ್ತು ಉಪ್ಪುನೀರಿನ ಗೆರಟೆಗೆ ಹಾಕುತ್ತೀರಿ. ಅದರ ಪಕ್ಕದಲ್ಲಿ ಇನ್ನೊಂದು. ಬಸ್ಸಿನಲ್ಲಿ ಕೂತು ಮತ್ತೆ ಮತ್ತೆ ತೆರೆದು ನೋಡಿದ ಆಫೀಸಿನ ಮೆಸೇಜು ಈಗ ಎಲ್ಲಿ ಹೋಯಿತೋ.

ಗಿಡದ ಕೆಲಸ ಮನಸ್ಸನ್ನು ಹೀಗೆ ಹಗುರ ಮಾಡುವುದನ್ನು ನೆದರ್ಲೆಂಡ್ಸ್‌ನಲ್ಲಿ ಅಳೆದೂ ನೋಡಿದ್ದಾರೆ. ತೋಟ ಮಾಡುವ 30 ಮಂದಿಗೆ ತಲೆ ಬಿಸಿಯಾಗುವಂಥ ಪರೀಕ್ಷೆ ಕೊಟ್ಟು, ಆಮೇಲೆ ಕೆಲವರನ್ನು ಅರ್ಧ ತಾಸು ಗಿಡಗಳ ಕೆಲಸಕ್ಕೆ ಬಿಟ್ಟರು, ಉಳಿದವರನ್ನು ಒಳಗೆ ಕೂರಿಸಿ ಓದಲು ಹೇಳಿದರು. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಎರಡೂ ಗುಂಪಿನಲ್ಲಿ ಇಳಿಯಿತು, ಗಿಡದ ಬಳಿ ಇದ್ದವರಲ್ಲಿ ಹೆಚ್ಚು ಇಳಿಯಿತು. ಕೆಟ್ಟಿದ್ದ ಮನಸ್ಸು ಮೊದಲಿನಂತಾದದ್ದೂ ಅವರದೇ. 2011ರಲ್ಲಿ ಪ್ರಕಟವಾದ ಅಧ್ಯಯನ. ಮೂವತ್ತೇ ಜನರ ಲೆಕ್ಕವೆಂಬುದು ನೆನಪಿರಲಿ; ಆದರೆ ಕೆಸರಿನಲ್ಲಿ ಮಂಡಿಯೂರಿದ ನಿಮಗೆ ಅದನ್ನು ನಂಬಲು ಕಷ್ಟವೇನಿಲ್ಲ.

ದಣಪೆ ಸದ್ದಾಗುತ್ತದೆ. ಆಚೆಮನೆಯವರು.

“ಎಂತ ಮಾಡ್ತಾ ಇದ್ಯೆ ಅತ್ಗೆ? ಆ ಬಿಳಿ ಅಂಚಿಂದು ಒಂದು ಕುಡಿ ಕೊಡೆ ಮಾರಾಯ್ತಿ.”

“ಎರಡು ಕೊಡ್ತಿ. ಒಂದು ಕೊಳೆತ್ರೂ ಒಂದು ಬತ್ತು. ನಿನ್ನ ಹಳದಿ ಎಂತಾತು?”

“ಮುಳ್ಳುಹಂದಿ ತಿಂತು!”

ಇಬ್ಬರೂ ನಗುತ್ತಾರೆ. ಈ ಮನೆಯಲ್ಲಿ ಬೆಳಗಿನಿಂದ ಕೇಳಿದ ಮೊದಲ ನಗು ಇದು. ಅಕ್ಕ ಪಕ್ಕದ ಕುಡಿಗಳನ್ನು ಗೆಣ್ಣಿನ ಕೆಳಗೆ ಕತ್ತರಿಸಿ ಬಾಳೆಲೆಯಲ್ಲಿ ಸುತ್ತುತ್ತಾರೆ.

ಡೇರೆಯ ತವರು ಮೆಕ್ಸಿಕೊ. ಅಲ್ಲಿಂದ ಮ್ಯಾಡ್ರಿಡ್‌ಗೆ ಹೋಗಿ ಅರಳಿದ್ದಕ್ಕೆ 1791ರಲ್ಲಿ ಕವಾನಿಲೆಸ್ ಎಂಬ ಪಾದ್ರಿ, ಸ್ವೀಡನ್ನಿನ ಆಂಡರ್ಸ್ ಡಾಲ್ ನೆನಪಿಗೆ ಡೇಲಿಯಾ ಎಂದು ಹೆಸರಿಟ್ಟ. ಅಂಗಳದ ಡೇರೆಯ ಒಂದೊಂದು ಜೀವಕೋಶದಲ್ಲೂ ಕ್ರೋಮೊಸೋಮುಗಳ ಎಂಟು ಸೆಟ್‌ಗಳಿವೆ. ಹಾಗಾಗಿ ಬೀಜ ಹಾಕಿದರೆ ತಾಯಿಯ ಬಣ್ಣ ಬರುವ ಭರವಸೆಯಿಲ್ಲ. ಅದೇ ಬಣ್ಣ ಬೇಕೆಂದರೆ ಅದೇ ಗಿಡದ ಗಡ್ಡೆಯನ್ನೋ ಕುಡಿಯನ್ನೋ ಕೇಳಿ ತರಬೇಕು, ಅಂದರೆ ಇನ್ನೊಬ್ಬರ ಅಂಗಳಕ್ಕೆ ಹೋಗಲೇಬೇಕು. ಹಾಗೆಂದೇ ಈ ಮಳೆಯಲ್ಲೂ ದಣಪೆಗಳು ತೆರೆಯುತ್ತವೆ, ಕುಡಿಯ ನೆಪದಲ್ಲಿ ಮಗಳ ಹೆರಿಗೆ, ಸೊಂಟನೋವು, ಸೊಸೈಟಿ ಸಾಲ ಎಲ್ಲವೂ ಮಾತಿಗೆ ಬರುತ್ತವೆ. ಗಿಡ ಒಂದೇ ಮನಸ್ಸನ್ನು ಹಗುರ ಮಾಡುತ್ತದೆಂದು ಹೇಳುವವರು ಈ ಅರ್ಧವನ್ನು ಮರೆಯುತ್ತಾರೆ.

ಇನ್ನೊಂದು ಮಾತನ್ನೂ ಮರೆಯುತ್ತಾರೆ. ಕೆಳಗಿನ ತೋಟವೂ ಮಣ್ಣೇ, ಹಸಿರೇ. ಆದರೆ ಅಲ್ಲಿಗೆ ಇಳಿದವರು ಹಗುರಾಗಿ ಹತ್ತಿ ಬರುವುದಿಲ್ಲ, ಏಕೆಂದರೆ ಅಲ್ಲಿ ಉದುರುವ ಪ್ರತಿ ಕಾಯಿಗೂ ದರವಿದೆ. ಮುಳ್ಳುಹಂದಿ ತಿಂದ ಡೇರೆಗೆ ದರವಿಲ್ಲ, ಅದಕ್ಕೇ ಅದನ್ನು ಹೇಳಿ ನಗಬಹುದು. ನೆಮ್ಮದಿ ಬೇಕೆಂದು ಹೂತೋಟ ಶುರು ಮಾಡಿ, ಆಮೇಲೆ ಅದಕ್ಕೂ ಇಳುವರಿಯ ಲೆಕ್ಕ, ಬಹುಮಾನದ ಪೈಪೋಟಿ ಹಚ್ಚಿಕೊಂಡವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತದೆ.

ತಲೆ ಎತ್ತಿ ನೋಡುತ್ತೀರಿ. ಜಗಲಿ ಖಾಲಿ. ಯಜಮಾನರು ಯಾವಾಗಲೋ ಇಳಿದು ಬಂದು, ನೆಲಕ್ಕೆ ಮಲಗಿದ್ದ ಗಿಡವೊಂದನ್ನು ಎತ್ತಿ ಹಿಡಿದಿದ್ದಾರೆ. “ನಾರು ಕೊಡು ಇಲ್ಲಿ. ಇದ್ಕೆ ಎರಡು ದಬ್ಬೆ ಬೇಕು,” ಎಂದು ಗೊಣಗುತ್ತಾರೆ. ಕೊಳೆಯ ಮಾತಿಲ್ಲ. ಕೊಳೆ ಹೋಗಿಲ್ಲ, ನಾಳೆಯೂ ಕೊನೆಗೌಡನ ದಾರಿ ಕಾಯುವುದೇ. ನಿದ್ದೆಯೇ ಬಾರದೆ, ಊಟವೇ ಸೇರದೆ ವಾರಗಟ್ಟಲೆ ಕಳೆಯುವವರಿಗೆ ಡೇರೆ ಸಾಲದು, ಡಾಕ್ಟರೇ ಬೇಕು. ಇವರಿಗೆ ಈ ಹೊತ್ತಿಗೆ ಇಷ್ಟು ಸಾಕಾಗಿದೆ.

ಗುಡ್ಡದ ಕಡೆಯಿಂದ ಮಳೆಯ ಭೋರ್ಗರೆತ. ಎಲ್ಲರೂ ಜಗಲಿಗೆ ಓಡುತ್ತೀರಿ. ನಿಮ್ಮ ಉಗುರಿನ ಸಂದಿಯಲ್ಲಿ ಕೆಮ್ಮಣ್ಣು, ಕೈಯಲ್ಲಿ ನಿಮಗೂ ಸಿಕ್ಕ ಕುಡಿಗಳ ಬಾಳೆಲೆ ಪೊಟ್ಟಣ.

“ಊರಿಗೆ ಹೋದ ಕೂಡ್ಲೆ ಹಸಿ ಮರಳಲ್ಲಿ ಊರಿ. ಗಡ್ಡೆ ಬೇಕಂದ್ರೆ ದೀಪಾವಳಿ ಕಳೆದು ಗಿಡ ಒಣಗಿದ ಮೇಲೆ ಬನ್ನಿ,” ಎನ್ನುತ್ತಾರೆ ಅಕ್ಕ.

ಬಾಲ್ಕನಿಯವರೂ ಇದನ್ನು ಮಾಡಬಹುದು. ಒಂದಡಿ ಆಳದ ಕುಂಡ, ಅರ್ಧ ದಿನದ ಬಿಸಿಲು, ನೀರು ನಿಲ್ಲದ ಮಣ್ಣು ಸಾಕು. ಗಿಡ ಗೇಣುದ್ದ ಬೆಳೆದಾಗ ತುದಿ ಚಿವುಟಿದರೆ ಕವಲೊಡೆಯುತ್ತದೆ. ಗಡ್ಡೆ ತರುವಾಗ ದಂಟಿನ ಬುಡದ ತುಣುಕು ಅಂಟಿಕೊಂಡಿದೆಯೇ ನೋಡಿ ತನ್ನಿ. ಕಣ್ಣಿರುವುದು ಅಲ್ಲೇ, ಅದಿಲ್ಲದ ಗಡ್ಡೆ ಎಷ್ಟು ದಪ್ಪಗಿದ್ದರೂ ಮೊಳೆಯುವುದಿಲ್ಲ.