ಆನೆಗೂ ಅಂಜಿಕೆಯೇ?

ನೆಲ್ಯಹುದಿಕೇರಿಯ ಮಕ್ಕಳಿಗೆ ಆನೆ ಪುಸ್ತಕದ ಚಿತ್ರವಲ್ಲ. ಕಾಫಿ ತೋಟದ ಬೇಲಿ ಮುರಿದು ಬರುವ ನೆರೆಯವ. ಹಾಗಾಗಿ ಮೊನ್ನೆ ತರಗತಿಯಲ್ಲಿ, ‘ಟನ್‌ಗಟ್ಟಲೆ ತೂಗುವ ಆನೆ, ಒಂದು ಗ್ರಾಂ ಕೂಡ ತೂಗದ ಜೇನುನೊಣಕ್ಕೆ ಹೆದರುತ್ತದೆ’ ಎಂದಾಗ ಎಲ್ಲರೂ ಗೊಳ್ಳೆಂದು ನಕ್ಕರು.

‘ಹಾಗಾದರೆ ಆನೆಗಿಂತ ನಾನೇ ಗಟ್ಟಿ, ಸಾರ್! ಜೇನು ಕಚ್ಚಿದಾಗ ಓಡಲೇ ಇಲ್ಲ’ ಎಂದನೊಬ್ಬ. ‘ಓಡಲಿಲ್ಲ, ಅತ್ತ’ ಎಂದಳು ಪಕ್ಕದವಳು.

ನಗು ನಿಂತ ಮೇಲೆ ಕಾರಣ ಹೇಳಿದೆ. ಆನೆಯ ಚರ್ಮ ದಪ್ಪ, ನಿಜ. ಆದರೆ ಕಣ್ಣಿನ ಸುತ್ತ, ಸೊಂಡಿಲಿನೊಳಗೆ ಬಲು ಸೂಕ್ಷ್ಮ. ಜೇನಿನ ಝೇಂಕಾರವನ್ನು ಧ್ವನಿಮುದ್ರಿಸಿ ಕೇಳಿಸಿದರೂ ಆನೆಗಳು ಜಾಗ ಬಿಡುತ್ತವೆಂದು ಲೂಸಿ ಕಿಂಗ್ ಮತ್ತು ಸಂಗಡಿಗರು 2007ರಲ್ಲಿ ಕೀನ್ಯಾದಿಂದ ವರದಿ ಮಾಡಿದರು. 2021ರ ಮಾರ್ಚ್‌ನಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ನಮ್ಮ ಕೊಡಗಿನಲ್ಲೇ ಆನೆ ಬರುವ ದಾರಿಗೆ ಜೇನುಪೆಟ್ಟಿಗೆ ಇಡಿಸಿತು.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ನಕ್ಕಿರಲಿಲ್ಲ. ‘ಸಾರ್, ನಮ್ಮ ಲೈನ್ ಮನೆ ಹತ್ತಿರ ಒಂದು ಪೆಟ್ಟಿಗೆ ಇಟ್ಟರೆ, ಅಮ್ಮ ಬೆಳಿಗ್ಗೆ ಹೆದರದೆ ತೋಟಕ್ಕೆ ಹೋಗಬಹುದಾ?’

ಸುಳ್ಳು ಧೈರ್ಯ ಹೇಳಲು ಮನಸ್ಸು ಬರಲಿಲ್ಲ. ಒಂದು ಪೆಟ್ಟಿಗೆ ಸಾಲದು, ಜಡಿಮಳೆಯಲ್ಲಿ ಜೇನು ಗೂಡು ಬಿಟ್ಟು ಹೊರಡದು ಎಂದೆ.

‘ಹಾಗಾದರೆ ಎಷ್ಟು ಬೇಕು, ಸಾರ್?’

ಈ ಸಲ ಯಾರೂ ನಗಲಿಲ್ಲ. ಎಲ್ಲರೂ ಲೆಕ್ಕ ಹಾಕತೊಡಗಿದರು.