ಹೋದವರ ಮಾತು ತೆಗೆಯೋಣ

ಸಾವಾದ ಮನೆಗೆ ಮಾತಾಡಿಸಲು ಹೋದಾಗ ನಾವು ಏನೆಲ್ಲ ಮಾತಾಡುತ್ತೇವೆ, ಹೋದವರೊಬ್ಬರನ್ನು ಬಿಟ್ಟು! ಯಾವ ಆಸ್ಪತ್ರೆ, ಎಷ್ಟು ಹೊತ್ತಿಗೆ ಜೀವ ಹೋಯಿತು, ಮಗ ಯಾವ ರೈಲಿಗೆ ಬಂದ ಎಂದೆಲ್ಲ ವಿಚಾರಿಸಿ, ‘ಋಣ ಅಷ್ಟೇ ಇತ್ತು, ಧೈರ್ಯ ತಂದುಕೊಳ್ಳಿ’ ಎಂದು ಚಪ್ಪಲಿ ಮೆಟ್ಟಿ ಹೊರಡುತ್ತೇವೆ. ಹೆಸರು ತೆಗೆದರೆ ಅತ್ತಾರು ಎಂಬ ಅಂಜಿಕೆ. ಅಳಲಿ, ಅದರಲ್ಲೇನು ತಪ್ಪು?

ನಾಗಪುರದ ಲಕ್ಷ್ಮೀ ನಗರದಲ್ಲಿ ಧಾರವಾಡ ಕಡೆಯ ಹಿರಿಯರೊಬ್ಬರಿದ್ದಾರೆ. ಅವರ ಹೆಂಡತಿ ತೀರಿಕೊಂಡದ್ದು ಮೇ ತಿಂಗಳಲ್ಲಿ. ಬಂದವರೆಲ್ಲ ಕೂಲರ್ ಮುಂದೆ ಕೂತು ಬಿಸಿಲಿನ ಸುದ್ದಿಯನ್ನೇ ಆಡುತ್ತಿದ್ದರು. ಮಂದಿ ಎದ್ದುಹೋದ ಮೇಲೆ ನಾನು ಕೇಳಿದೆ: “ಕಾಕಾ, ಈ ಊರಿಗೆ ಬಂದ ಹೊಸದ್ರಾಗ ಕಾಕು ಹೆಂಗ ಸಂಭಾಳಿಸಿದ್ರು?”

“ಅಯ್ಯ, ಬರ್ಡಿ ಬಜಾರದಾಗ ಅರ್ಧ ಮರಾಠಿ, ಅರ್ಧ ಕನ್ನಡದಾಗ ಸಂತ್ರಿ ಹಣ್ಣು ಚೌಕಾಶಿ ಮಾಡಾಕಿ. ಕಡೀಕ ಮಾರೋ ಮುದುಕನ ಕನ್ನಡದಾಗ ಎಣಿಸೋದು ಕಲತ!” ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಆಮೇಲೆ ಅಡುಗೆಮನೆಗೆ ಕರೆದೊಯ್ದು, ಆಕೆ ಊರಿಂದ ತಂದಿದ್ದ ರೊಟ್ಟಿ ಹಂಚು ತೋರಿಸಿದರು. ನಡುವೆ ಸವೆದು ತಗ್ಗು ಬಿದ್ದಿತ್ತು.

ಅಲ್ಲಿಂದ ದೀಕ್ಷಾಭೂಮಿ ದೂರವಿಲ್ಲ. 1956ರ ಅಕ್ಟೋಬರ್ 14ರಂದು ಅಲ್ಲಿ ಅಪಾರ ಜನರೊಂದಿಗೆ ಬೌದ್ಧ ಧರ್ಮ ಸೇರಿದ ಅಂಬೇಡ್ಕರರು ಈ ಸಂಕಟವನ್ನು ಚೆನ್ನಾಗಿ ಬಲ್ಲವರು. ನಾಲ್ಕು ಮಕ್ಕಳನ್ನು ಕಳೆದುಕೊಂಡಿದ್ದರು. 1935ರಲ್ಲಿ ಪತ್ನಿ ರಮಾಬಾಯಿಯೂ ಹೋದರು. ಐದು ವರ್ಷದ ಮೇಲೆ ಪಾಕಿಸ್ತಾನದ ಪ್ರಶ್ನೆ ಕುರಿತು ಗ್ರಂಥ ಬರೆದಾಗ ಅದನ್ನು ‘ರಾಮು’ ಎಂಬ ಸಲಿಗೆಯ ಹೆಸರಿಗೇ ಅರ್ಪಿಸಿದರು. ಯಾರೂ ಇಲ್ಲದ ಬಡತನದ ದಿನಗಳಲ್ಲಿ ಆಕೆ ಜೊತೆ ನಿಂತದ್ದನ್ನು ನೆನೆದರು. ಅಷ್ಟು ದೊಡ್ಡ ರಾಜಕಾರಣದ ಪುಸ್ತಕದಲ್ಲೂ ಮನೆಯಾಕೆಗೆ ಜಾಗವಿತ್ತು. ನಮ್ಮ ಬೇಂದ್ರೆಯವರೂ ಕೂಸಿನ ಸಾವಿನ ದುಃಖವನ್ನು ಒಳಗೇ ನುಂಗಲಿಲ್ಲ. ‘ನೀ ಹೀಂಗ ನೋಡಬ್ಯಾಡ ನನ್ನ’ದಲ್ಲಿ ಹೆಂಡತಿಯ ಮುಂದೆ ಬಾಯಿಬಿಟ್ಟರು.

ವೈಕುಂಠ ಸಮಾರಾಧನೆ ಮುಗಿದು ನೆಂಟರು ಊರಿಗೆ ಹೊರಟರೆಂದರೆ ಮನೆ ಬಿಕೋ ಎನ್ನುತ್ತದೆ. ನಾವು ಹೋಗಬೇಕಾದದ್ದು ಆಗ. ದೀಪಾವಳಿಗೋ ಯುಗಾದಿಗೋ ಫೋನು ಹಚ್ಚಿ, ‘ಕಾಕು ಮಾಡುತ್ತಿದ್ದ ಹೋಳಿಗೆ ನೆನಪಾಯಿತು’ ಎನ್ನಬೇಕು. ಅವರು ಬೇಡವೆಂದರೆ ಒತ್ತಾಯ ಸಲ್ಲದು. ಹೇಳತೊಡಗಿದರೆ ಮಾತ್ರ ನಡುವೆ ನಮ್ಮ ಮನೆಯ ಕಥೆ ತೂರಿಸಬಾರದು. ಹೇಳಿದ್ದನ್ನೇ ಹೇಳಿದರೂ ಕಿವಿಗೊಡಬೇಕು. ಇಡೀ ಬಾಳು ಜೊತೆಗಿದ್ದವರ ಮಾತು ಹದಿಮೂರು ದಿನದಲ್ಲಿ ಎಲ್ಲಿ ಮುಗಿಯುತ್ತದೆ?